ಕಂಬದ ಹಾಡು ಯಾರದು

ನನ್ನ ಅಕ್ಷರ ಚೆನ್ನಾಗಿಲ್ಲ, ಅದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಏಳನೇ ತರಗತಿ ಮುಗಿಯುವ ಮುಂಚೆಯೇ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ಬಂದಾಗ ಈಗಲೂ ಕೈ ತಡೆಯುತ್ತದೆ. ಸಾಲು ಬಲಕ್ಕೆ ಹೋಗುತ್ತಾ ಹೋಗುತ್ತಾ ಇಳಿಜಾರಾಗುತ್ತದೆ. ದೊಡ್ಡ ಮಾತುಗಳೂ ನನಗೆ ಬರುವುದಿಲ್ಲ. ಒಂದೊಂದು ಸಾಲನ್ನೂ ಸ್ಲೇಟಿನ ಮೇಲೆ ಬರೆದು ನೋಡಿ, ಸರಿ ಅನ್ನಿಸಿದ ಮೇಲೆ ಕಾಗದಕ್ಕೆ ಇಳಿಸಿದ್ದೇನೆ. ಇದು ನಮ್ಮ ಎದುರು ಮನೆಯ ಧರ್ಮಾವತಮ್ಮನವರ ಕಥೆ. ಕೇರಿಯವರೆಲ್ಲ ಅವರನ್ನು ಧರ್ಮಕ್ಕ ಅನ್ನುತ್ತೇವೆ. ಅವರೇ ಜಗುಲಿಯ ಮೇಲೆ ಕೂರಿಸಿಕೊಂಡು ಹೇಳಿದರು. "ನನ್ನ ಹೊಟ್ಟೆಕಿಚ್ಚನ್ನೂ ಬಿಡದಂಗೆ ಬರಿ" ಅಂದರು. ಬಿಟ್ಟಿಲ್ಲ.

ಹಳೇಬೀಡಿನಲ್ಲಿ ಬಸದಿಗಳಿರುವ ಕಡೆಗೆ ಬಸ್ತಿಹಳ್ಳಿ ಅನ್ನುತ್ತಾರೆ. ಧರ್ಮಕ್ಕನ ಮನೆ ಇರುವುದು ಅಲ್ಲಿ. ಅವರ ಗಂಡ ಬ್ರಹ್ಮಪ್ಪನವರದು ದಿನಸಿ ಅಂಗಡಿ, ಜೊತೆಗೆ ಜಾವಗಲ್ ದಾರಿಯಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ ತೆಂಗಿನ ತೋಟ. ಒಬ್ಬಳೇ ಮಗಳನ್ನು ಹಾಸನಕ್ಕೆ ಕೊಟ್ಟಿದ್ದಾರೆ. ಹೊರಗಿನವರು ನೋಡಿದರೆ ಧರ್ಮಕ್ಕನಲ್ಲಿ ವಿಶೇಷವೇನೂ ಕಾಣುವುದಿಲ್ಲ. ಹೊತ್ತು ಮುಳುಗುವುದರೊಳಗೆ ಮನೆಮಂದಿಗೆಲ್ಲ ಊಟ ಬಡಿಸಿ, ಅಡುಗೆಮನೆ ಸಾರಿಸಿ ಬಾಗಿಲು ಹಾಕುವ ಹೆಂಗಸು. ಆದರೆ ರಾಗಿ ಕೇರಲು ಕೂತಾಗ ಅವರ ತುಟಿ ಅಲ್ಲಾಡುತ್ತಿರುತ್ತದೆ. ಮೊರದ ಸದ್ದಿಗೆ ಮಾತು ಸೇರಿಸುತ್ತಾ ಹೋಗುತ್ತಾರೆ. ರಾಗಿ ಹಸನಾಗುವ ಹೊತ್ತಿಗೆ ಒಂದು ಹಾಡು ಆಗಿರುತ್ತದೆ.

ಬಸದಿಯಲ್ಲಿ ಆರತಿಯ ಹೊತ್ತಿಗೆ ಹಾಡುವ ಹಾಡುಗಳಲ್ಲಿ ಎಷ್ಟೋ ಅವರವೇ. ಬಸದಿಗೆ ಸೇರುವ ಹೆಂಗಸರಲ್ಲಿ ಒಂದು ರೂಢಿ ಇತ್ತು. ಹಾಡು ಕಟ್ಟಿದವಳು ತನ್ನ ಹೆಸರು ಹೇಳಿಕೊಳ್ಳಬಾರದು, ಬೇರೆಯವರೂ ಅವಳ ಹೆಸರು ಎತ್ತಬಾರದು. ಕೊನೆಯ ನುಡಿಯಲ್ಲಿ ಬಸ್ತಿಹಳ್ಳಿಯ ಪಾರ್ಶ್ವನಾಥಸ್ವಾಮಿಯ ಹೆಸರು ಬರಬೇಕು, ಅಷ್ಟೆ. ಹೊಸ ಹಾಡು ಕೇಳಿ ಯಾರಾದರೂ "ಯಾರದಿದು?" ಅಂದರೆ "ಸ್ವಾಮಿಯದು" ಅನ್ನಬೇಕು. ಆದರೆ ಆ ಹಾಡು ಮೊದಲ ಸಲ ಕೇಳಿಸಿದ ದಿನ ಆರತಿ ತಟ್ಟೆ ಹಿಡಿಯುವವಳು ಅದನ್ನು ಕಟ್ಟಿದವಳೇ. ಹೀಗೆ ಎಲ್ಲರಿಗೂ ಗೊತ್ತಾಗುತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಎಷ್ಟೋ ವರ್ಷ ಧರ್ಮಕ್ಕನಿಗೆ ಅಷ್ಟೇ ಸಾಕಾಗಿತ್ತು. ತಟ್ಟೆ ಹಿಡಿದು ನಿಂತಾಗ ಉಳಿದವರು ಒಮ್ಮೆ ತಿರುಗಿ ನೋಡುತ್ತಿದ್ದರಲ್ಲ, ಆ ನೋಟ ಸಾಕಾಗಿತ್ತು.

ಅವರ ದುಃಖ ಒಂದೇ, ಧ್ವನಿ. ಮಾತಾಡಿದರೆ ಏನೂ ಅನ್ನಿಸುವುದಿಲ್ಲ. ಹಾಡಲು ಬಾಯಿ ತೆರೆದರೆ ಬಿರುಕು ಬಿಟ್ಟ ಮಡಕೆಗೆ ನೀರು ಹುಯ್ದ ಹಾಗೆ ಕೇಳುತ್ತದೆ. ಆದ್ದರಿಂದ ಮೊದಲಿಂದಲೂ ಅವರು ಕಟ್ಟುವುದು, ಬೇರೆ ಯಾರೋ ಹಾಡುವುದು. ಯಾರೋ ಹಾಡುತ್ತಿದ್ದಾಗ ಸಂಕಟ ಇರಲಿಲ್ಲ. ಹಾಡುವವಳು ತ್ರಿಶಲಾ ಆದ ಮೇಲೆ ಶುರುವಾಯಿತು.

ತ್ರಿಶಲಾ ಬ್ರಹ್ಮಪ್ಪನವರ ತಮ್ಮ ಆದಿರಾಜನ ಹೆಂಡತಿ. ಆದಿರಾಜನದು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ವಾರದಲ್ಲಿ ಹೆಚ್ಚು ದಿನ ಬಸ್ಸಿನಲ್ಲೇ ಕಳೆಯುವ ಮನುಷ್ಯ. ತ್ರಿಶಲಾ ಎಸ್ಸೆಸ್ಸೆಲ್ಸಿ ಪಾಸಾದವಳು, ಸೀರೆಗೆ ಪಿನ್ನು ಹಾಕುವವಳು. ಮದುವೆಯಾಗಿ ಬಂದ ಮೊದಲ ಚತುರ್ದಶಿಯ ದಿನ ಹೆಂಗಸರು ಬಲವಂತ ಮಾಡಿದರು ಎಂದು ಬಸದಿಯಲ್ಲಿ ಹಾಡಿದಳು. ಹಾಡಿದ್ದು ಧರ್ಮಕ್ಕನ ಹಾಡನ್ನೇ.  ಆಮೇಲೆ ಎಲ್ಲರಿಗಿಂತ ಹಿರಿಯರಾದ ಶೀಲಾವತಮ್ಮ ಧರ್ಮಕ್ಕನ ಕಡೆ ತಿರುಗಿದರು.

"ಏನೇ ಧರ್ಮ, ನಿನ್ನ ವಾರಗಿತ್ತಿ ಗಂಟಲಲ್ಲಿ ಬೆಲ್ಲದಚ್ಚು ಇಟ್ಕಂಡವ್ಳಾ?"

"ಹೂಂ, ಇರುವೆ ಮುತ್ಕಳ್ತವೆ ಬಿಡಿ ಒಂದಿನ" ಅಂದರು ಧರ್ಮಕ್ಕ. ಎಲ್ಲರೂ ನಕ್ಕರು. ತ್ರಿಶಲಾ ಕೂಡ ನಕ್ಕಳು. ನಗದೇ ಇದ್ದವರು ಧರ್ಮಕ್ಕ ಒಬ್ಬರೇ.

ಅಂದಿನಿಂದ ಆ ಹಾಡುಗಳಿಗೆ "ತ್ರಿಶಲನ ಹಾಡು" ಎಂದು ಹೆಸರಾಯಿತು. ಯಾರೂ ಬೇಕೆಂದು ಮಾಡಿದ್ದಲ್ಲ. ಕಟ್ಟಿದವಳ ಹೆಸರು ಹೇಳಬಾರದು ಎಂದು ರೂಢಿ ಇತ್ತೇ ಹೊರತು ಹಾಡಿದವಳ ಹೆಸರು ಹೇಳಬಾರದು ಎಂದು ಇರಲಿಲ್ಲ. "ತ್ರಿಶಲಂದು ಆ ದೀಪದ ಹಾಡು ಹೇಳ್ಸಿ" ಎಂದು ಯಾರಾದರೂ ಕೇಳಿದರೆ ಧರ್ಮಕ್ಕನಿಗೆ ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಬೇಕು ಅನ್ನಿಸುತ್ತಿತ್ತು. ಕುಕ್ಕುತ್ತಿರಲಿಲ್ಲ. ಮೆಲ್ಲಗೆ ಇಟ್ಟು, ತುಳುಕಿದ ನೀರನ್ನು ಸೆರಗಿನಲ್ಲಿ ಒರೆಸುತ್ತಿದ್ದರು.

ಒಂದು ಸಲ ಒಂದು ಉಪಾಯ ಮಾಡಿದರು. ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲದ ಹಾಗೆ ಉದ್ದುದ್ದ ಸಾಲುಗಳ ಒಂದು ಹಾಡು ಕಟ್ಟಿ ತ್ರಿಶಲಾಗೆ ಹೇಳಿಕೊಟ್ಟರು. ನಡುವೆ ಎಲ್ಲಾದರೂ ಅವಳ ಧ್ವನಿ ಒಡೆಯಲಿ, ಒಂದೇ ಒಂದು ಸಲ ಒಡೆಯಲಿ ಎಂದು ತಟ್ಟೆ ಹಿಡಿದು ಕಾದು ನಿಂತರು. ತ್ರಿಶಲಾ ಸಾಲಿನ ಮಧ್ಯದಲ್ಲಿ, ಯಾರೂ ಎಣಿಸದ ಕಡೆ ನಿಲ್ಲಿಸಿ, ಉಸಿರೆಳೆದು, ಮುಂದಿನ ಮಾತನ್ನು ಎತ್ತಿಕೊಂಡಳು. ಆ ನಿಲುಗಡೆಯಿಂದಲೇ ಹಾಡಿಗೆ ಜೀವ ಬಂತು. ಶೀಲಾವತಮ್ಮ ಕಣ್ಣೊರೆಸಿಕೊಂಡರು. ಧರ್ಮಕ್ಕನಿಗೂ ಕಣ್ಣು ತುಂಬಿತು, ಅದು ಬೇರೆ ಕಾರಣಕ್ಕೆ.

ಇನ್ನು ಕಂಬದ ಹಾಡಿಗೆ ಬರುತ್ತೇನೆ. ಪಾರ್ಶ್ವನಾಥ ಬಸದಿಯ ಕಪ್ಪು ಕಂಬಗಳನ್ನು ನೋಡಿದವರಿಗೆ ಗೊತ್ತು, ಅವು ಕನ್ನಡಿಯ ಹಾಗೆ ಹೊಳೆಯುತ್ತವೆ. ಒಂದು ಮಧ್ಯಾಹ್ನ ಧರ್ಮಕ್ಕ ಒಬ್ಬರೇ ಹೋಗಿದ್ದಾಗ ಕಂಬದೊಳಗೆ ತಮ್ಮ ಮುಖ, ಅದರ ಹಿಂದೆ ದೀಪ, ದೀಪದ ಹಿಂದೆ ಕತ್ತಲಲ್ಲಿ ಸ್ವಾಮಿ, ಮೂರೂ ಒಟ್ಟಿಗೆ ಕಂಡವು. ಮನೆಗೆ ಬಂದು ಮೊರ ಹಿಡಿದರು.

ಕಂಬದೊಳಗೆ ನಿನ್ನ ಕಂಡೆ, ಕನ್ನಡಿಯ ನಾ ತರಲಿಲ್ಲ
ನಿನ್ನ ಮುಂದೆ ನಾನು ಬಂದೆ, ನನ್ನ ಮೊಗವ ಮರೆಸಲಿಲ್ಲ

ತಾವು ಕಟ್ಟಿದ್ದರಲ್ಲೆಲ್ಲ ಇದೇ ಒಳ್ಳೆಯದು ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಒಂದು ವರ್ಷ ತ್ರಿಶಲಾಗೆ ಕೊಡಲಿಲ್ಲ. ಆದರೆ ಹಾಡದ ಹಾಡನ್ನು ಎಷ್ಟು ದಿನ ಬಾಯೊಳಗೆ ಇಟ್ಟುಕೊಳ್ಳುವುದು? ಮುಕುಟ ಸಪ್ತಮಿಯ ಹಬ್ಬ ಬಂದಾಗ ಹೇಳಿಕೊಟ್ಟರು. ಧರ್ಮಕ್ಕ ಕಟ್ಟಿದ್ದ ಧಾಟಿ ಮೊರದ ಧಾಟಿ, ಮೇಲೆ ಕೆಳಗೆ ಒಂದೇ ಅಳತೆ. ತ್ರಿಶಲಾ "ಕಂಡೆ" ಅನ್ನುವ ಕಡೆ ಅದನ್ನು ಮೇಲಕ್ಕೆ ಎಳೆದು, ಅಲ್ಲೇ ತೇಲಿಸಿ, ತಡವಾಗಿ ಇಳಿಸಿದಳು. ಉಳಿದ ಸಾಲುಗಳೂ ಅದರ ಹಿಂದೆ ಹೊಸ ದಾರಿ ಹಿಡಿದವು. "ನಾನು ಹೇಳ್ಕೊಟ್ಟಿದ್ದು ಹಂಗಲ್ಲ" ಎಂದು ಧರ್ಮಕ್ಕ ಗದರಿದರು. "ಹಂಗೇ ಬತ್ತೈತೆ ಅಕ್ಕ, ಏನ್ ಮಾಡ್ಲಿ" ಅಂದಳು ತ್ರಿಶಲಾ. ಹಾಗೇ ಉಳಿಯಿತು.

ಆಮೇಲೆ ಆದಿರಾಜ ಒಂದು ಟೇಪ್ ರೆಕಾರ್ಡರ್ ತಂದ. ಹೆಂಡತಿಯಿಂದ ಹಾಡಿಸಿ ಕ್ಯಾಸೆಟ್ಟು ತುಂಬಿಸಿ, ಅರಸೀಕೆರೆಯಲ್ಲಿ ತನ್ನ ಸ್ನೇಹಿತ ಷಡಕ್ಷರಪ್ಪನಿಗೆ ಕೇಳಿಸಿದ. ಷಡಕ್ಷರಪ್ಪನದು ರೈಲ್ವೆ ಸ್ಟೇಷನ್ನಿನ ಎದುರು ರೇಡಿಯೋ, ಕ್ಯಾಸೆಟ್ಟು ಮಾರುವ ಅಂಗಡಿ. ಬೆಂಗಳೂರಿನ ಒಂದು ಕ್ಯಾಸೆಟ್ ಕಂಪನಿಗೆ ಈ ಕಡೆಯ ಹಾಡುಗಾರರನ್ನು ಹುಡುಕಿಕೊಡುವ ಕೆಲಸವನ್ನೂ ಅವನು ಮಾಡುತ್ತಿದ್ದ. ತ್ರಿಶಲಾ ಹಾಡಿದ್ದನ್ನು ಅಂಗಡಿಯಲ್ಲಿ ಹಾಕಿದರೆ ರೈಲಿಗೆ ಕಾಯುವವರು ಗಂಟುಮೂಟೆ ಹೊತ್ತುಕೊಂಡೇ ರಸ್ತೆ ದಾಟಿ ಬಂದು, "ಇದು ಯಾವ ಕ್ಯಾಸೆಟ್ಟು, ಒಂದು ಕೊಡಿ" ಅನ್ನುತ್ತಿದ್ದರಂತೆ. ಆದಿರಾಜ ಇದನ್ನು ಊಟದ ಹೊತ್ತಿನಲ್ಲಿ ಹೇಳಿದ. ಬಡಿಸುತ್ತಿದ್ದ ಧರ್ಮಕ್ಕನ ಕೈಯಲ್ಲಿ ಸೌಟು ನಿಂತಿತು. ಅಷ್ಟು ಜನ ರಸ್ತೆ ದಾಟಿದ್ದು ತಮ್ಮ ಮಾತಿಗೋ, ಅವಳ ಗಂಟಲಿಗೋ? ಕೇಳಬೇಕು ಅನ್ನಿಸಿತು. ಕೇಳದೆ ಸಾರು ಬಡಿಸಿದರು.

ಕಂಪನಿಯವರು ಒಪ್ಪಿದ್ದಾರೆ ಎಂದು ಸುದ್ದಿ ಬಂತು. ತ್ರಿಶಲಾ ಬೇಲೂರಿಗೆ ಹೋಗಿ ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು ಬಂದಳು. ಕ್ಯಾಸೆಟ್ಟಿನ ಮೇಲೆ ಹಾಕಲು ಬೇಕಂತೆ. ಫೋಟೋದಲ್ಲಿ ಅವಳು ಕೈಯಲ್ಲಿ ಆರತಿ ತಟ್ಟೆ ಹಿಡಿದಿದ್ದಳು.

ತಟ್ಟೆ ನೋಡಿದ ಮೇಲೆ ಧರ್ಮಕ್ಕನಿಗೆ ಅನುಮಾನ ಉಳಿಯಲಿಲ್ಲ. ಹಾಡು ಕಟ್ಟಿದವಳು ತಾನೇ ಎಂದು ಲೋಕಕ್ಕೆಲ್ಲ ಸಾರಲು ಹೊರಟಿದ್ದಾಳೆ ಇವಳು! ತಟ್ಟೆ ಸ್ಟುಡಿಯೋದವನು ಕೊಟ್ಟದ್ದು, ಅವನಿಗೆ ಈ ರೂಢಿಯ ಗಂಧವೂ ಇರಲಿಲ್ಲ ಎಂದು ಅವರಿಗೆ ತಿಳಿದದ್ದು ಬಹಳ ತಡವಾಗಿ. ಅಂದು ಫೋಟೋವನ್ನು ತಿರುಗಿಸಿ ಕೊಟ್ಟು, "ಚೆನ್ನಾಗೈತೆ" ಎಂದು ಹಿತ್ತಲಿಗೆ ಹೋಗಿ, ಒಣಗಿರದ ಬಟ್ಟೆಗಳನ್ನೆಲ್ಲ ಹಗ್ಗದಿಂದ ಎಳೆದು ತಂದರು.

ಒಂದು ಭಾನುವಾರ ಷಡಕ್ಷರಪ್ಪನೇ ಮನೆಗೆ ಬಂದ. ನಡುಮನೆಯಲ್ಲಿ ಅಣ್ಣತಮ್ಮಂದಿರ ಜೊತೆ ಕೂತ. ತ್ರಿಶಲಾ ಕಂಬಕ್ಕೆ ಒರಗಿ ನಿಂತಳು. ಧರ್ಮಕ್ಕ ಅಡುಗೆಮನೆಯ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ನೋಡ್ರಿ ಆದಿರಾಜಪ್ಪ, ಒಂದು ಹಾಡು ಅಂದ್ರೆ ಒಂದೇ ಆಸ್ತಿ ಅಲ್ಲ" ಅಂದ ಷಡಕ್ಷರಪ್ಪ. "ಮಾತು ಕಟ್ಟಿದೋರ್ದು ಒಂದು ಹಕ್ಕು, ಧಾಟಿ ಕಟ್ಟಿದೋರ್ದು ಇನ್ನೊಂದು ಹಕ್ಕು. ಹಾಡಿದೋರಿಗೆ ಹಾಡಿದ್ದಕ್ಕೆ ಕೂಲಿ. ತುಂಬ್ಸಿದ ಕ್ಯಾಸೆಟ್ಟು ಕಂಪನೀದು."

"ನನ್ನ ಹೆಂಡ್ತೀನ ಕೂಲಿಯೋಳು ಮಾಡ್ಬಿಟ್ರಲ್ಲ ಸ್ವಾಮಿ!" ಎಂದು ಆದಿರಾಜ ನಕ್ಕ.

"ದೊಡ್ಡ ಕೂಲಿ ಅನ್ಕಳ್ರಿ. ಫೋಟೋ ಹಾಕೋ ಕೂಲಿ ಎಲ್ಲಾದ್ರೂ ಐತಾ? ಇನ್ನ ಮಾತಿನ ಹಕ್ಕು. ನಿಮಗೆ ತೋಟದ ಲೆಕ್ಕದಲ್ಲೇ ಹೇಳ್ತೀನಿ. ತೋಟನೇ ಮಾರಿಬಿಡೋದು ಒಂದು ದಾರಿ. ಒಂದ್ಸಲ ದುಡ್ಡು ಈಸ್ಕಂಡ್ರಿ, ಆಮೇಲೆ ಕಾಯಿ ಬಿದ್ರೂ ನಿಮ್ದಲ್ಲ, ಗರಿ ಬಿದ್ರೂ ನಿಮ್ದಲ್ಲ. ಫಸಲು ಗುತ್ತಿಗೆ ಕೊಡೋದು ಇನ್ನೊಂದು ದಾರಿ. ಮರ ನಿಮ್ದೇ, ಕೀಳೋರು ಅವರು. ಮಾರಾಟ ಆದಷ್ಟಕ್ಕೂ ನಿಮ್ಗೊಂದು ಪಾಲು. ಬೇರೆ ಕಂಪನಿಯೋರು ಹಾಡ್ಸಬೇಕು ಅಂದ್ರೂ ನಿಮ್ಮನ್ನೇ ಕೇಳ್ಬೇಕು. ಕಂಪನಿ ಮಾರಿ ಅಂತ್ಲೇ ಅನ್ನೋದು. ನಾನು ಗುತ್ತಿಗೆ ಕೊಡಿ ಅಂತೀನಿ. ನಾನು ಹೇಳ್ದೆ ಅಂತ ಮಾತ್ರ ಅಲ್ಲಿ ಹೇಳ್ಬೇಡ್ರಪ್ಪ."

ಬ್ರಹ್ಮಪ್ಪನವರು ಗಂಭೀರವಾಗಿ ತಲೆ ಆಡಿಸಿದರು. ತೋಟ, ಗುತ್ತಿಗೆ ಅಂದ ಮೇಲೆ ಅವರಿಗೆ ಎಲ್ಲ ಅರ್ಥವಾಗಿತ್ತು.

ಷಡಕ್ಷರಪ್ಪ ಪೆನ್ನು ತೆಗೆದ. "ಈಗ ಹೇಳಿ ತಾಯಿ. ಮಾತು ಯಾರ್ದು?"

ತ್ರಿಶಲಾ ಅಡುಗೆಮನೆಯ ಬಾಗಿಲ ಕಡೆ ತಿರುಗಿ ಧರ್ಮಕ್ಕನನ್ನು ನೋಡಿದಳು. ನೋಡುತ್ತಲೇ ಇದ್ದಳು.

ಆ ನೋಟ ಧರ್ಮಕ್ಕನಿಗೆ ಹೀಗೆ ಕಂಡಿತು: ಕಟ್ಟಿದವಳು ಬಾಯಿ ಬಿಡಬಾರದು ಎಂದು ರೂಢಿ ಇದೆಯಲ್ಲ, ನೀವಂತೂ ಹೇಳುವ ಹಾಗಿಲ್ಲ, ಸುಮ್ಮನಿರಿ, ಈಗ ನಾನು ನನ್ನದು ಅನ್ನುತ್ತೇನೆ. ಎದೆಗೆ ಕೊಳ್ಳಿ ಇಟ್ಟ ಹಾಗಾಯಿತು. ಗಂಟಲು ಅವಳದು, ಫೋಟೋ ಅವಳದು, ತಟ್ಟೆಯೂ ಅವಳದಾಯಿತು. ಇನ್ನು ಮಾತೂ ಅವಳದಾಗಬೇಕೆ? ನನ್ನದು ಎಂದು ಹೇಳಲು ನಾಲಿಗೆಗೆ ಅಭ್ಯಾಸವಿರಲಿಲ್ಲ. ಅವಳದಾಗದ ಹಾಗೆ ಮಾಡಲು ಒಂದೇ ದಾರಿ ತೋಚಿತು.

"ಯಾರ್ದೂ ಅಲ್ಲ" ಎಂದು ಲೋಟ ಹಿಡಿದುಕೊಂಡೇ ಹೊರಗೆ ಬಂದರು. "ಹಳೇ ಹಾಡುಗಳು. ಹಿಂದಿನೋರು ಹಾಡ್ತಿದ್ದಿದ್ದು. ಧಾಟೀನೂ ಅವರದ್ದೇ."

ಷಡಕ್ಷರಪ್ಪ ತ್ರಿಶಲಾಳ ಮುಖ ನೋಡಿದ. ತ್ರಿಶಲಾ ನೆಲ ನೋಡಿದಳು. ಬ್ರಹ್ಮಪ್ಪನವರು ಏನೋ ಹೇಳಲು ಬಾಯಿ ತೆರೆದವರು, ಹೆಂಡತಿಯ ಕಣ್ಣು ನೋಡಿ, ಅವರ ಕೈಯಿಂದ ಲೋಟ ಈಸಿಕೊಂಡು ಕಾಫಿ ಕುಡಿದರು.

"ನಿಜವಾಗ್ಲೂನಾ ಅಮ್ಮ?"

"ಇದರಾಗೆ ಸುಳ್ಳು ಹೇಳೋಕೆ ಏನೈತೆ?"

"ಹಂಗಾದ್ರೆ ಕೆಲಸ ಸಲೀಸು" ಎಂದು ಷಡಕ್ಷರಪ್ಪ ಬರೆದುಕೊಂಡ. ಕ್ಯಾಸೆಟ್ಟು ಹೊರಬಂದಾಗ ಅದರ ಮೇಲೆ ತ್ರಿಶಲಾಳ ಫೋಟೋ ಇತ್ತು, ಗಾಯನ ಎಂದು ಅವಳ ಹೆಸರಿತ್ತು. ಸಾಹಿತ್ಯ, ಸಂಗೀತ ಅನ್ನುವ ಕಡೆ 'ಸಾಂಪ್ರದಾಯಿಕ' ಎಂದಿತ್ತು. ಧರ್ಮಕ್ಕ ಆ ಪದದ ಮೇಲೆ ಬೆರಳಾಡಿಸಿದರು. ತಮಗೂ ಇಲ್ಲ, ಅವಳಿಗೂ ಇಲ್ಲ. ಬಹಳ ದಿನಗಳ ಮೇಲೆ ಅವರಿಗೆ ಹಸಿವಾಗಿ ಊಟ ರುಚಿಸಿತು.

ಆ ನೆಮ್ಮದಿ ಹೆಚ್ಚು ಕಾಲ ಬಾಳಲಿಲ್ಲ. ಮುಂದಿನ ಬೇಸಿಗೆಯಲ್ಲಿ ಬ್ರಹ್ಮಪ್ಪನವರ ಜೊತೆ ಬಿಕ್ಕೋಡಿನ ಒಂದು ಮದುವೆಗೆ ಹೊರಟವರು ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದ ಹೋಟೆಲಿನಲ್ಲಿ ಕ್ಯಾಸೆಟ್ಟು ಹಾಕಿದ್ದರು. "ಕಂಬದೊಳಗೆ ನಿನ್ನ ಕಂಡೆ" ಎಂದು ಒಬ್ಬಳು ಹಾಡುತ್ತಿದ್ದಳು. ಅದು ತ್ರಿಶಲಾಳ ಧ್ವನಿಯಲ್ಲ. ಹಿಂದೆ ತಬಲ, ಪಿಟೀಲು, ಗೆಜ್ಜೆಯ ಸದ್ದು. ಧಾಟಿ ಮಾತ್ರ ಅದೇ, "ಕಂಡೆ" ಅನ್ನುವ ಕಡೆ ಮೇಲಕ್ಕೆ ಹೋಗಿ ತೇಲುವ ಧಾಟಿ. ಧರ್ಮಕ್ಕ ಎದ್ದು ಹೋಟೆಲಿನ ಮೆಟ್ಟಿಲ ಹತ್ತಿರ ಹೋಗಿ ನಿಂತರು. ಕೊನೆಯ ನುಡಿ ಬಂತು. ಬಸ್ತಿಹಳ್ಳಿಯೂ ಇಲ್ಲ, ಪಾರ್ಶ್ವನಾಥಸ್ವಾಮಿಯೂ ಇಲ್ಲ. ಎಲ್ಲಿಯದೋ ಬೆಟ್ಟದ ಇನ್ನೊಂದು ದೇವರ ಹೆಸರು ಹಾಕಿ ಮುಗಿಸಿದ್ದರು. ಆ ದೇವರ ಗುಡಿಯ ಕಂಬ ಹೊಳೆಯುತ್ತದೋ ಇಲ್ಲವೋ ಯಾರಿಗೆ ಗೊತ್ತು? ಆ ಕಂಬದಲ್ಲಿ ಇವರು ಯಾರನ್ನು ಕಂಡರು?

ಬಸ್ಸು ಬಂದು ಹೋಯಿತು. ಧರ್ಮಕ್ಕ ಹತ್ತಲಿಲ್ಲ. ಬ್ರಹ್ಮಪ್ಪನವರು ಮದುವೆಯ ಉಡುಗೊರೆಯ ಪಾತ್ರೆ ಹಿಡಿದುಕೊಂಡು, "ಏನಾಯ್ತೇ? ತಲೆ ಸುತ್ತೈತಾ?" ಎಂದು ಕೇಳಿದರು.

"ನನ್ನ ಹಾಡು ಕಣ್ರೀ ಅದು" ಅಂದರು ಧರ್ಮಕ್ಕ. ಜೀವನದಲ್ಲಿ ಮೊದಲ ಸಲ ಆ ಮಾತು ಬಾಯಿಂದ ಹೊರಬಿದ್ದಿತ್ತು, ಅದೂ ಬಸ್ ಸ್ಟ್ಯಾಂಡಿನಲ್ಲಿ.

ಮರುವಾರ ಬ್ರಹ್ಮಪ್ಪನವರು ಅಂಗಡಿಗೆ ಸಾಮಾನು ತರಲು ಅರಸೀಕೆರೆಗೆ ಹೊರಟಾಗ ಧರ್ಮಕ್ಕನೂ ಹೋದರು. ಷಡಕ್ಷರಪ್ಪನ ಅಂಗಡಿಯಲ್ಲಿ ಗಿರಾಕಿಗಳಿದ್ದರು, ಬ್ರಹ್ಮಪ್ಪನವರು ಅವರ ಮುಂದೆ ಮುಜುಗರದಿಂದ ನಿಂತರು. ಧರ್ಮಕ್ಕನಿಗೆ ಅದೊಂದೂ ಕಾಣಲಿಲ್ಲ.

"ಬೇರೆ ಕಂಪನಿ ಕ್ಯಾಸೆಟ್ಟಲ್ಲಿ ಕಂಬದ ಹಾಡು ಬಂದೈತಲ್ಲ, ನಮ್ಮನ್ನ ಕೇಳ್ದೆ ಆ ಹೆಂಗಸು ಹೆಂಗೆ ಹಾಡಿದ್ಳು?"

"ಯಾರನ್ನ ಕೇಳ್ಬೇಕಿತ್ತು ತಾಯಿ?" ಷಡಕ್ಷರಪ್ಪ ಸ್ಟೂಲು ಮುಂದೆ ತಳ್ಳಿ ಕೂರಿಸಿದ. "ಯಾರ್ದೂ ಅಲ್ಲ ಅಂದೋರು ನೀವೇ ಅಲ್ವಾ? ಸಾಂಪ್ರದಾಯಿಕ ಅಂದ್ರೆ ರಸ್ತೆ ಬದಿ ಹುಣಸೇಮರ ಇದ್ದಂಗೆ. ಹೋಗೋರು ಬರೋರು ಯಾರು ಬೇಕಾದ್ರೂ ಕೋಲು ಎತ್ತಿ ಉದುರಿಸ್ಕೋಬೋದು. ಕೊಂಬೆ ಮುರುದ್ರೂ ಕೇಳೋರಿಲ್ಲ. ಆ ಕಂಪನಿಯೋರ ತಪ್ಪು ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

"ಹಂಗಾದ್ರೆ... ಅದು ನಂದು ಅಂತ ಈಗ ಹೇಳಿದ್ರೆ?"

ಷಡಕ್ಷರಪ್ಪ ಕೈಯಲ್ಲಿದ್ದ ಕ್ಯಾಸೆಟ್ಟನ್ನು ಕೆಳಗಿಟ್ಟ.

"ಆ ತ್ರಿಶಲ ಹುಡುಗಿ ನಂಗೆ ಮೊದಲೇ ಹೇಳಿತ್ತು ಕಣಮ್ಮ. ನಿಮ್ಮನೆಗೆ ಬರೋಕೆ ಮುಂಚೇನೇ ಗಂಡನ ಕೈಲಿ ಹೇಳಿ ಕಳಿಸಿತ್ತು, ಮಾತೆಲ್ಲ ನಮ್ಮಕ್ಕಂದು, ಆದ್ರೆ ನಾವು ಬೇರೆಯೋರ ಹೆಸರು ಎತ್ತಂಗಿಲ್ಲ, ನೀವೇ ಬಂದು ಕೇಳಿ, ಅವರ ಬಾಯಲ್ಲೇ ಬರಲಿ ಅಂತ. ಅದಕ್ಕೇ ನಾನು ಅಷ್ಟು ದೂರ ಬಂದಿದ್ದು. ಇಲ್ದಿದ್ರೆ ಆದಿರಾಜಪ್ಪ ದಿನಾ ಸಿಗ್ತಾನೆ, ಇಲ್ಲೇ ಬರ್ಕಂತಿದ್ದೆ."

ಅಂಗಡಿಯ ಹೊರಗೆ ರೈಲು ಕೂಗಿತು. ಧರ್ಮಕ್ಕನಿಗೆ ಆ ಭಾನುವಾರದ ನೋಟ ಮತ್ತೆ ಕಂಡಿತು. ಕಂಬಕ್ಕೆ ಒರಗಿ ನಿಂತು, ಹೇಳಿ ಅಕ್ಕ, ಹೇಳಿ ಎಂದು ಕಾಯುತ್ತಿದ್ದ ಕಣ್ಣು. ನಾಚಿಕೆ ಆಯಿತು. ಆದರೆ ಅವರು ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ: ನಾಚಿಕೆಯ ಜೊತೆಗೇ ಇನ್ನಷ್ಟು ಹೊಟ್ಟೆಕಿಚ್ಚೂ ಆಯಿತು. ಗಂಟಲೂ ಒಳ್ಳೆಯದು, ಮನಸ್ಸೂ ಒಳ್ಳೆಯದು. ಅವಳಿಗೆ ಎಲ್ಲಾ ಕೊಟ್ಟಮೇಲೆ ತಮಗೆ ಉಳಿದದ್ದಾದರೂ ಏನು?

"ಈಗ್ಲೂ ದಾರಿ ಐತೆ" ಎಂದ ಷಡಕ್ಷರಪ್ಪ. "ಮೊದಲು ಹೇಳಿದ್ದು ತಪ್ಪು, ಕಟ್ಟಿದೋಳು ನಾನು ಅಂತ ನೀವು ಬರೆದುಕೊಡ್ಬೇಕು. ಹಾಡು ಹುಟ್ಟಿದಾಗ ಕೇಳಿದೋರು ಹೌದು ಅನ್ಬೇಕು. ನಮ್ಮ ಕಂಪನಿಯೋರು ಮುಂದೆ ಅಚ್ಚು ಹಾಕ್ಸೋ ಕ್ಯಾಸೆಟ್ಟಿಗೆ ಹೆಸರು ಹಾಕ್ತಾರೆ. ಆ ಬೇರೆ ಕಂಪನೀನೂ ಕೇಳಬೋದು, ದೇವರ ಹೆಸರು ಯಾಕೆ ಬದಲಾಯಿಸಿದ್ರಿ ಅಂತ. ಇನ್ನೊಂದು ಮಾತು. ಧಾಟಿ ಯಾರ್ದು ಅಂತ್ಲೂ ಸರಿಯಾಗಿ ಹೇಳ್ಬೇಕು. ಅದು ಬೇರೆ ಹಕ್ಕು. ಯೋಚ್ನೆ ಮಾಡ್ಕಂಡು ಬನ್ನಿ. ಎರಡನೇ ಸಲಾನೂ ಮಾತು ಬದಲಾಯಿಸಿದ್ರೆ ನನ್ನ ಮುಖಕ್ಕೂ ಕಷ್ಟ."

ವಾಪಸು ಬರುವಾಗ ಬಸ್ಸಿನಲ್ಲಿ ಧಾಟಿಯ ಮಾತೇ ತಲೆಯಲ್ಲಿ ಕೊರೆಯುತ್ತಿತ್ತು. ಧಾಟಿಯೂ ನನ್ನದೇ ಅಂದರೆ ಯಾರು ಬೇಡ ಅನ್ನುತ್ತಾರೆ? ಮೊರ ಹಿಡಿದು ಮೊದಲು ಗುನುಗಿದವರು ಅವರೇ ತಾನೆ? ಜಾವಗಲ್ ದಾಟುವ ತನಕ ಹಾಗೇ ಅಂದುಕೊಂಡರು. ಆಮೇಲೆ ಬಾಯಿ ಮುಚ್ಚಿಕೊಂಡು ಒಳಗೊಳಗೇ ಹಾಡನ್ನು ಹೇಳಿಕೊಂಡು ನೋಡಿದರು. ಮೊರದ ಧಾಟಿ ನೆನಪಿಗೇ ಬರಲಿಲ್ಲ. ಬಂದದ್ದೆಲ್ಲ ತ್ರಿಶಲಾಳ ಧಾಟಿಯೇ.

ಮನೆಗೆ ಬಂದವರು ನೇರ ಶೀಲಾವತಮ್ಮನವರ ಹತ್ತಿರ ಹೋದರು. ರೂಢಿ ಮುರಿಯುವ ಮಾತಾದ್ದರಿಂದ ಹಿರಿಯರನ್ನು ಕೇಳಬೇಕಿತ್ತು.

"ಸ್ವಾಮಿಯದು ಅಂದ ಹಾಡನ್ನ ಅಂಗಡೀಲಿ ಕೂತು ನಂದು ಅಂದ್ರೆ ಪಾಪ ಬರ್ತದಾ ದೊಡ್ಡಮ್ಮ?"

ಶೀಲಾವತಮ್ಮ ಬತ್ತಿ ಹೊಸೆಯುತ್ತಿದ್ದರು. "ಸ್ವಾಮಿ ಮುಂದೆ ಸ್ವಾಮಿಯದು. ಅಂಗಡೀಲಿ ಯಾರ್ದೂ ಅಲ್ಲ ಅಂತ ಸುಳ್ಳು ಹೇಳು ಅಂತ ಯಾರಂದ್ರು ನಿಂಗೆ? ನೀನು ತಟ್ಟೆ ಹಿಡ್ದಿದ್ದು ನಾವೆಲ್ಲಾ ನೋಡೀವಿ. ಕೇಳಿದ್ರೆ ಹೇಳ್ತೀವಿ ಹೋಗು." ಸ್ವಲ್ಪ ತಡೆದು, "ಅಲ್ವೇ, ಬುದ್ಧಿ ಇರೋಳು ನೀನು, ಯಾರ್ ಮೇಲಿನ ಸಿಟ್ಟಿಗೆ ಹಂಗಂದೆ?" ಎಂದು ಕೇಳಿದರು. ಧರ್ಮಕ್ಕ ಹೊಸೆದಿಟ್ಟ ಬತ್ತಿಗಳನ್ನು ಡಬ್ಬಿಗೆ ತುಂಬಿಟ್ಟು ಎದ್ದರು. ಮುದುಕಿ ಮತ್ತೆ ಕೇಳಲಿಲ್ಲ.

ಉಳಿದವಳು ತ್ರಿಶಲಾ. ಅವಳು ಹಿತ್ತಲಲ್ಲಿ ಕೊಬ್ಬರಿ ಹರವುತ್ತಿದ್ದಳು. ಧರ್ಮಕ್ಕ ಪಕ್ಕದಲ್ಲಿ ಕೂತು ತಾವೂ ಹರವತೊಡಗಿದರು.

"ಷಡಕ್ಷರಪ್ಪ ಎಲ್ಲಾ ಹೇಳ್ದ" ಅಂದರು.

"ಹೇಳ್ಲಿ ಬಿಡಿ."

"ನೀನಾದ್ರೂ ಅವತ್ತೇ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

ತ್ರಿಶಲಾ ಕೈ ನಿಲ್ಲಿಸಿದಳು. "ಏನಂತ ಹೇಳ್ಲಿ ಅಕ್ಕ? ಎಲ್ಲರ ಮುಂದೆ ಯಾರ್ದೂ ಅಲ್ಲ ಅಂದ್ರಿ. ನಾನು ಕದೀತೀನಿ ಅನ್ಕಂಡ್ರ? ಇಷ್ಟು ವರ್ಷ ನಿಮ್ಮ ಬಾಯಿಂದ ಕಲಿತ ಹಾಡನ್ನ ನಂದು ಅಂತ ಎಲ್ಲಾದ್ರೂ ಅಂದಿದ್ದೀನಾ? ಜನ ತ್ರಿಶಲನ ಹಾಡು ಅಂತಾರೆ, ನನ್ನ ತಪ್ಪಾ ಅದು? ಅವರ ಬಾಯಿಗೆ ನಾನು ಬೀಗ ಹಾಕ್ಲಾ?"

"ಫೋಟೋದಲ್ಲಿ ತಟ್ಟೆ ಹಿಡ್ಕಂಡಿದ್ದೆ."

"ತಟ್ಟೆನಾ? ಸ್ಟುಡಿಯೋದೋನು ಕೈಗೆ ಕೊಟ್ಟ, ಹಿಡ್ಕಂಡೆ. ಮೊದಲು ಪ್ಲಾಸ್ಟಿಕ್ ಹೂವಿನ ಕುಂಡ ಕೊಟ್ಟಿದ್ದ!"

ಧರ್ಮಕ್ಕನಿಗೆ ನಗು ಬಂತು. ಬಂದದ್ದನ್ನು ತಡೆದರು. ತ್ರಿಶಲಾ ನಗಲಿಲ್ಲ, ಅವಳಿಗೆ ನಿಜವಾಗಿ ನೋವಾಗಿತ್ತು.

"ನಾಳೆ ನನ್ನ ಜೊತೆ ಅರಸೀಕೆರೆಗೆ ಬಾ" ಅಂದರು ಧರ್ಮಕ್ಕ. "ನೀನು ಹೇಳಿದ್ರೆ ಬೇಗ ನಂಬ್ತಾರೆ."

"ನಾನು ಬರಲ್ಲ. ನಾನೊಂದ್ಸಲ ಹೇಳಿ ಕಳ್ಸಿ ಮಾನ ಹೋಯ್ತು. ಈಗ ನೀವೇ ಹೋಗಿ ನಿಮ್ಮ ಬಾಯಲ್ಲೇ ಹೇಳಿ. ಅವರು ಬಂದು ಕೇಳಿದ್ರೆ ಹೌದು ಅಂತೀನಿ, ಅಷ್ಟೇ."

ಇಬ್ಬರೂ ಬುಟ್ಟಿಯಲ್ಲಿದ್ದ ಕೊಬ್ಬರಿಯನ್ನೆಲ್ಲ ಹರವಿ ಮುಗಿಸಿದರು. ಧರ್ಮಕ್ಕನ ನಾಲಿಗೆಯ ತುದಿಗೆ ಒಂದು ಮಾತು ಬಂದು ನಿಂತಿತ್ತು, ಅದನ್ನು ಹೊರಗೆ ತರುವುದು ಎಲ್ಲಕ್ಕಿಂತ ಕಷ್ಟವಾಯಿತು.

"ಧಾಟಿ ನಿಂದು ಅಂತ ಬರಸ್ತೀನಿ" ಅಂದರು ಕೊನೆಗೆ. "ಕಂಬದ ಹಾಡಿಂದು. ಮಿಕ್ಕಿದ್ದು ನಂದೇ. ಅದೊಂದು ನಿಂದು."

ತ್ರಿಶಲಾ ತಿರುಗಿ ನೋಡಿದಳು. ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳು ಗುನುಗುವುದು ಕೇಳಿಸಿತು. ಅವಳಿಗೆ ತಾನು ಗುನುಗುತ್ತಿದ್ದೇನೆ ಎಂಬುದು ಗೊತ್ತೇ ಇರಲಿಲ್ಲವೋ ಏನೋ. "ಕಂಡೆ" ಅನ್ನುವುದು ಮೇಲಕ್ಕೆ ಹೋಗಿ ತೇಲಿತು. ಧರ್ಮಕ್ಕನ ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಅದು ಹೋಗಿಲ್ಲ, ಹೋಗುವುದೂ ಇಲ್ಲ ಎಂದು ಅವರೇ ನನಗೆ ಹೇಳಿದರು. ಆದರೆ ಕೊಟ್ಟ ಮಾತನ್ನು ವಾಪಸು ತೆಗೆದುಕೊಳ್ಳಲಿಲ್ಲ.

ಬ್ರಹ್ಮಪ್ಪನವರು ಈ ಸಲ ಜೊತೆಗೆ ಹೋಗುವುದಿಲ್ಲವಂತೆ. "ಗಿರಾಕಿಗಳ ಮುಂದೆ ಒಂದ್ಸಲ ನಿಂತಿದ್ದು ಸಾಕು ಕಣೇ" ಅಂದರಂತೆ. ಒಬ್ಬರೇ ಹೋಗಲು ಧರ್ಮಕ್ಕನಿಗೆ ಧೈರ್ಯವಿಲ್ಲ. ಮೊನ್ನೆ ನಮ್ಮ ಮನೆಗೆ ಬಂದು ನನ್ನನ್ನು ಜೊತೆಗೆ ಕಳಿಸಿ ಎಂದು ಅಮ್ಮನನ್ನು ಕೇಳಿದರು, ಅಮ್ಮ ಒಪ್ಪಿದ್ದಾಳೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು ಧರ್ಮಕ್ಕನ ಜೊತೆ ಅರಸೀಕೆರೆಗೆ ಹೋಗುತ್ತೇನೆ.